ಹವಳದ ಟ್ಯಾಂಕ್‌ಗೆ ಯಾವ ಕಂಟ್ರೋಲರ್? ಬಳಸಿದವರು ಹೇಳಿ

ಪ್ರಶ್ನೆ: ಟಿಳಕವಾಡಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಉಪ್ಪು ನೀರಿನ ಟ್ಯಾಂಕ್ ಇಟ್ಟಿದ್ದೇನೆ. ಮೂರು ಅಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. ಸುಮಾರು 190 ಲೀಟರ್, ಕೆಳಗೆ ಸಂಪ್, ಅಂದ್ರೆ ಹೀಟರ್, ಪಂಪ್ ಇಡುವ ಇನ್ನೊಂದು ಚಿಕ್ಕ ಟ್ಯಾಂಕ್. ಒಂದು ಜೋಡಿ ಕ್ಲೌನ್ ಮೀನು, ಒಂದಷ್ಟು ಜೊವಾಂಥಿಡ್, ಮಶ್ರೂಮ್, ಒಂದು ಲೆದರ್. ಎಲ್ಲ ಮೆತ್ತನೆ ಹವಳವೇ. ತೊಂದರೆ ಏನಂದ್ರೆ ನಾನು ವಾರದ ಅರ್ಧದಷ್ಟು ದಿನ ಪುಣೆಯಲ್ಲಿರುತ್ತೇನೆ. ಮನೆಯಲ್ಲಿ ಅವ್ವ ಒಬ್ಬರೇ. ಮೀನಿಗೆ ತಿನ್ನಲು ಹಾಕುತ್ತಾರೆ, ಅದಕ್ಕಿಂತ ಜಾಸ್ತಿ ಹೊರೆ ಹಾಕಲು ಮನಸ್ಸಿಲ್ಲ. ಹೀಟರ್, ಪಂಪ್, ದೀಪ ಎಲ್ಲ ತಾನೇ ನೋಡಿಕೊಳ್ಳುವ ಕಂಟ್ರೋಲರ್ ಬೇಕು. ನೆಪ್ಚೂನ್ ಅಪೆಕ್ಸ್, ಜಿಎಚ್ಎಲ್ ಪ್ರೊಫಿಲಕ್ಸ್, ರೀಫ್-ಪೈ, ಈ ಮೂರರಲ್ಲಿ ಯಾವುದು ತಗೋಬೇಕು? ಅಪೆಕ್ಸ್‌ಗೆ ನನಗೆ ಹೇಳಿದ ಬೆಲೆ ಲಕ್ಷ ದಾಟಿದೆ. ಅಷ್ಟು ಹಾಕಬೇಕಾ, ಇಲ್ಲಾ ವೈಫೈ ಪ್ಲಗ್ ಸಾಕಾ?

ವಿಜಯಪುರದಿಂದ

ಸರ್, ಮೊದಲು ನಿಮ್ಮೂರಿನ ಹವಾ ನೋಡಿಕೊಳ್ಳಿ. ಹವಳಕ್ಕೆ ಬೇಕಾದದ್ದು 25–26 ಡಿಗ್ರಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಇರುತ್ತದೆ, ಹಾಗಾಗಿ ನನ್ನ ಖರ್ಚೆಲ್ಲ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಮತ್ತು ಫ್ಯಾನ್ ಮೇಲೆ. ಒಣ ಬಿಸಿಲಾದ್ದರಿಂದ ನೀರಿನ ಮೇಲೆ ಫ್ಯಾನ್ ಬಿಟ್ಟರೆ ಎರಡು ಡಿಗ್ರಿ ಆರಾಮಾಗಿ ಇಳಿಯುತ್ತದೆ. ಬೆಳಗಾವಿ ಮಳೆಗಾಲದಲ್ಲಿ ಈ ಆಟ ನಡೆಯುವುದಿಲ್ಲ, ಗಾಳಿಯಲ್ಲೇ ತೇವ ತುಂಬಿರುತ್ತದೆ. ಆದರೆ ಆಗ ನಿಮಗೆ ಬೇಕಾಗುವುದು ಹೀಟರ್.

ಫ್ಯಾನ್ ಹಾಕಿದರೆ ನೀರು ಆರುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ನಿಮ್ಮ 190 ಲೀಟರ್‌ನಲ್ಲಿ ದಿನಕ್ಕೆ ನಾಲ್ಕು ಲೀಟರ್ ಆರಿದರೆ, ಮೂರು ದಿನಕ್ಕೆ 35 ಪಿಪಿಟಿ (ಸಾವಿರಕ್ಕೆ 35 ಭಾಗ) ಇದ್ದ ಉಪ್ಪಿನಂಶ 37 ದಾಟುತ್ತದೆ. ನೀವು ಪುಣೆಯಿಂದ ಬರುವಷ್ಟರಲ್ಲಿ ಜೊವಾಂಥಿಡ್ ಬಾಯಿ ಮುಚ್ಚಿಕೊಂಡು ಕೂತಿರುತ್ತವೆ. ಹಾಗಾಗಿ ಕಂಟ್ರೋಲರ್‌ಗಿಂತ ಮೊದಲು ಆಟೋ ಟಾಪ್-ಆಫ್ ಹಾಕಿ, ಆರಿದಷ್ಟು ಸಿಹಿ ನೀರನ್ನು ಅದೇ ಪಂಪ್ ಮಾಡಿ ತುಂಬುತ್ತದೆ. ಎರಡು ಸೆನ್ಸರ್ ಇರುವುದನ್ನೇ ತಗೊಳ್ಳಿ. ಫ್ಲೋಟ್ ಸ್ವಿಚ್ ಒಂದೇ ಇದ್ದರೆ, ಅದರ ಮೇಲೆ ಬಸವನಹುಳು ಹತ್ತಿ ಕೂತರೂ ಪಂಪ್ ಓಡುತ್ತಲೇ ಇರುತ್ತದೆ.

ಇನ್ನೊಂದು ಮಾತು. ಆ ಪಂಪ್ ಎಳೆಯುವ ಆರ್‌ಒ ನೀರನ್ನು ದೊಡ್ಡ ಡ್ರಮ್‌ನಲ್ಲಿ ಇಡಬೇಡಿ. ನಾವು ಕುಡಿಯುವ ನೀರಿಗೆ ತರಿಸುತ್ತೇವಲ್ಲ, ಆ 20 ಲೀಟರ್ ಕ್ಯಾನ್ ಸಾಕು. ಅದು ಪೂರ್ತಿ ಸುರಿದರೂ ಉಪ್ಪಿನಂಶ 32ರ ಹತ್ತಿರ ನಿಲ್ಲುತ್ತದೆ. 100 ಲೀಟರ್ ಡ್ರಮ್ ಖಾಲಿಯಾದರೆ 23ಕ್ಕೆ ಬೀಳುತ್ತದೆ, ಮನೆ ತುಂಬ ನೀರು ಬೇರೆ.

ಶಹಾಪುರ, ಬೆಳಗಾವಿಯಿಂದ

ಅಣ್ಣಾ, ನಾನು ಎಲೆಕ್ಟ್ರಿಕಲ್ ಕೆಲಸದವನು, ಟ್ಯಾಂಕ್ ಹುಚ್ಚು ಆಮೇಲೆ ಹತ್ತಿದ್ದು. ನನ್ನ ಲೆಕ್ಕದಲ್ಲಿ ಬ್ರ್ಯಾಂಡ್ ಆಮೇಲಿನ ಮಾತು. ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಪೆಟ್ಟಿಗೆ ಕೆಟ್ಟರೆ ನನ್ನ ಟ್ಯಾಂಕ್ ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ?

ಹೀಟರ್ ಉದಾಹರಣೆ ತಗೊಳ್ಳಿ. ಕಂಟ್ರೋಲರ್ ಒಳಗೆ ಹೀಟರ್ ಆನ್-ಆಫ್ ಮಾಡುವ ಸ್ವಿಚ್, ಅಂದರೆ ರಿಲೇ, ದಿನಕ್ಕೆ ಎಷ್ಟೋ ಸಲ ಟಿಕ್ ಟಿಕ್ ಅನ್ನುತ್ತದೆ. ಪ್ರತಿ ಸಲ ಚಿಕ್ಕ ಕಿಡಿ. ಒಂದು ದಿನ ಒಳಗಿನ ಎರಡು ಪಾಯಿಂಟ್ ಕರಗಿ ಅಂಟಿಕೊಳ್ಳುತ್ತವೆ. ಸ್ನೇಹಿತರೊಬ್ಬರ ಮನೆಯಲ್ಲಿ ಅಂಥದ್ದನ್ನು ಬಿಚ್ಚಿ ನೋಡಿದ್ದೇನೆ. ಎರಡು ಪಾಯಿಂಟ್ ಒಂದೇ ಉಂಡೆಯಾಗಿತ್ತು, ಸುತ್ತ ಮಸಿ. ಮೊಬೈಲ್‌ನಲ್ಲಿ ‘ಆಫ್’ ಅಂತ ತೋರಿಸುತ್ತಿತ್ತು, ಸಂಪ್‌ನಲ್ಲಿ ಹೀಟರ್‌ನ ಕೆಂಪು ದೀಪ ಉರಿಯುತ್ತಲೇ ಇತ್ತು. ನಿಮ್ಮಷ್ಟು ನೀರಿಗೆ 300 ವ್ಯಾಟ್ ಹೀಟರ್ ಹೀಗೆ ಸಿಕ್ಕಿಬಿದ್ದರೆ, ಹೊರಗೆ ಹೋಗುವ ಬಿಸಿ ಬಿಟ್ಟು ಲೆಕ್ಕ ಹಾಕಿದರೆ, ಗಂಟೆಗೆ ಸುಮಾರು 1.4 ಡಿಗ್ರಿ ಏರುತ್ತದೆ. ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ಮುಗಿಯಿತು. ಅದರ ಬದಲು 100 ವ್ಯಾಟ್‌ನ ಎರಡು ಹಾಕಿ, ಎರಡನ್ನೂ ಬೇರೆ ಬೇರೆ ಸಾಕೆಟ್‌ಗೆ ಕೊಡಿ. ಹೀಟರ್‌ನ ಸ್ವಂತ ಥರ್ಮೋಸ್ಟಾಟ್ 27ಕ್ಕೆ ಇಡಿ, ಕಂಟ್ರೋಲರ್ 25.5ಕ್ಕೆ. ಆಗ ಒಂದು ಕೈಕೊಟ್ಟರೂ ಇನ್ನೊಂದು ನಿಲ್ಲಿಸುತ್ತದೆ. ಇದು ಲಕ್ಷದ ಪೆಟ್ಟಿಗೆಗೂ ಅನ್ವಯ, ಎರಡು ಸಾವಿರದ್ದಕ್ಕೂ ಅನ್ವಯ.

ಈಗ ಬ್ರ್ಯಾಂಡ್. ಅಪೆಕ್ಸ್ ಒಳ್ಳೆಯದು. ಪ್ರತಿ ಸಾಕೆಟ್‌ಗೂ ‘ಫಾಲ್‌ಬ್ಯಾಕ್’ ಅಂತ ಇರುತ್ತದೆ, ಮುಖ್ಯ ಪೆಟ್ಟಿಗೆಯ ಸಂಪರ್ಕ ತಪ್ಪಿದರೆ ಅದು ಆನ್ ಆಗಿರಬೇಕೋ ಆಫ್ ಆಗಿರಬೇಕೋ ಅಂತ ಮೊದಲೇ ಹೇಳಿಡಬಹುದು. ಸಂಪ್‌ನಿಂದ ನೀರು ಮೇಲೆತ್ತುವ ರಿಟರ್ನ್ ಪಂಪ್‌ಗೆ ಆನ್, ಹೀಟರ್‌ಗೆ ಆಫ್. ಇಂಟರ್‌ನೆಟ್ ಹೋದರೂ ಒಳಗಿನ ನಿಯಮ ನಡೆಯುತ್ತದೆ, ನಿಮಗೆ ಮೆಸೇಜ್ ಮಾತ್ರ ಬರುವುದಿಲ್ಲ. ಆದರೆ ಅಮೆರಿಕದಿಂದ ಯಾರಾದರೂ ತಂದುಕೊಡುತ್ತೇನೆ ಅಂದರೆ ಎಚ್ಚರ. ಅಲ್ಲಿನ ಪವರ್ ಬಾರ್ 120 ವೋಲ್ಟ್‌ನದ್ದು, ನಮ್ಮ ಗೋಡೆಯಲ್ಲಿ ಬರುವುದು 230. ಪ್ರೊಫಿಲಕ್ಸ್ ಜರ್ಮನಿಯದ್ದು, ವೋಲ್ಟೇಜ್ ಚಿಂತೆ ಕಡಿಮೆ. ಅದರ ಸಾಕೆಟ್‌ಗೆ ನಮ್ಮ ಮೂರು ಪಿನ್ ಕೂರುತ್ತದಾ ಅಂತ ಮಾತ್ರ ಕೇಳಿಕೊಳ್ಳಿ.

ಅಗ್ಗದ ವೈಫೈ ಪ್ಲಗ್ ದೀಪಕ್ಕೆ ಸಾಕು. ಹೀಟರ್‌ಗೆ ಬೇಡ. ಮತ್ತೆ ಯಾವುದನ್ನೇ ತಗೊಳ್ಳಿ, ಆ ಲೈನ್‌ಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ವೈರ್ ಸಾಕೆಟ್‌ಗಿಂತ ಕೆಳಗೆ ಜೋತು ಬಿದ್ದು ಮೇಲೆ ಹೋಗಲಿ, ಉಪ್ಪು ನೀರು ವೈರ್ ಹಿಡಿದು ಇಳಿದರೆ ಅಲ್ಲೇ ತೊಟ್ಟಿಕ್ಕುತ್ತದೆ.

ನವನಗರ, ಬಾಗಲಕೋಟೆಯಿಂದ

ರೀಫ್-ಪೈ ಬಳಸುವವನು ನಾನು. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಓಡುತ್ತದೆ, ಸಾಫ್ಟ್‌ವೇರ್ ಉಚಿತ, ಮನೆಯ ವೈಫೈನಲ್ಲೇ ಎಲ್ಲ ನಡೆಯುತ್ತದೆ. ನನಗೆ ತುಂಬ ಇಷ್ಟ. ನಿಮಗೆ ಹೇಳುವುದಿಲ್ಲ. ಕರೆಂಟ್ ಪದೇ ಪದೇ ಹೋಗಿ ಬಂದರೆ ಮೆಮೊರಿ ಕಾರ್ಡ್ ಕೆಡುತ್ತದೆ, ಆಗ ಕೀಬೋರ್ಡ್ ಹಿಡಿದು ಕೂರಬೇಕಾದವರು ಯಾರು, ಅವ್ವನಾ? ಇದರ ಜೊತೆ ಎಲ್ಲರೂ ಹಾಕುವ ಡಿಎಸ್18ಬಿ20 ಅನ್ನುವ ಉಷ್ಣತೆಯ ಸೆನ್ಸರ್ ಇದೆಯಲ್ಲ, ಅದಕ್ಕೆ ಕರೆಂಟ್ ತಪ್ಪಿ ಮತ್ತೆ ಬಂದರೆ ಮೊದಲು 85 ಡಿಗ್ರಿ ಅಂತ ಹೇಳುತ್ತದೆ. ಅದರ ಹುಟ್ಟುಗುಣವೇ ಹಾಗೆ. ಗೊತ್ತಿದ್ದವರು ನಗುತ್ತಾರೆ. ಪುಣೆಯಲ್ಲಿ ಮೀಟಿಂಗ್ ನಡುವೆ ‘ನೀರು 85’ ಅಂತ ಮೆಸೇಜ್ ನೋಡಿದವರು ನಗಲಾರರು.

ಸದಾಶಿವನಗರ, ಬೆಳಗಾವಿಯಿಂದ

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನೀವು ಕೇಳಿದ ದೊಡ್ಡ ಕಂಟ್ರೋಲರ್‌ಗಳ ನಿಜವಾದ ಬಲ ಇರುವುದು ಡೋಸಿಂಗ್‌ನಲ್ಲಿ. ಗಟ್ಟಿ ಹವಳ ಇಟ್ಟವರಿಗೆ ಕ್ಯಾಲ್ಸಿಯಂ, ಆಲ್ಕಲಿನಿಟಿ ದಿನಾ ಖಾಲಿಯಾಗುತ್ತದೆ, ಅಳೆದು ಸುರಿಯಬೇಕು. ನಿಮ್ಮ ಮಶ್ರೂಮ್, ಲೆದರ್‌ಗೆ ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಸಾಕಾಗುತ್ತದೆ. ಬಳಸದ ಕೆಲಸಕ್ಕೆ ಲಕ್ಷ ಯಾಕೆ? ಮುಂದೆ ಗಟ್ಟಿ ಹವಳ ಇಡುವ ಆಸೆ ಇದ್ದರೆ ಕಾನೂನು ಓದಿಕೊಳ್ಳಿ. ನಮ್ಮ ಸಮುದ್ರದ ಗಟ್ಟಿ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದರೆ ಮುಟ್ಟಬೇಡಿ.

ನೀರಿನ ಆಮ್ಲ-ಕ್ಷಾರ ಅಳೆಯುವ ಪಿಎಚ್ ಪ್ರೋಬ್ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು 7 ಮತ್ತು 10ರ ದ್ರಾವಣದಲ್ಲಿ ಆಗಾಗ ಸರಿಹೊಂದಿಸಬೇಕು, ಒಂದೆರಡು ವರ್ಷಕ್ಕೆ ಹೊಸದು ಬೇಕು. ಸರಿಹೊಂದಿಸದ ಪ್ರೋಬ್ ಸುಳ್ಳು ಹೇಳುತ್ತದೆ, ನೀವು ಆ ಸುಳ್ಳನ್ನು ನಂಬಿ ಟ್ಯಾಂಕ್‌ಗೆ ಏನೇನೋ ಸುರಿಯುತ್ತೀರಿ. ಈಗ ಅದು ಬೇಡ.

ನಿಮ್ಮ ಅವ್ವನಿಗೆ ಆ್ಯಪ್ ಕಲಿಸಬೇಡಿ. ನಮ್ಮ ಅತ್ತೆಗಾಗಿ ನಾನು ಮಾಡಿದ್ದು ಇಷ್ಟೇ: ಟಾಪ್-ಆಫ್ ಪಂಪ್‌ಗೆ ಗೋಡೆಯಲ್ಲಿ ಬೇರೆ ಸ್ವಿಚ್, ಅದರ ಮೇಲೆ ‘ನೆಲ ಒದ್ದೆಯಾದರೆ ಇದನ್ನು ಆರಿಸಿ’ ಅಂತ ಚೀಟಿ. ಪಕ್ಕದಲ್ಲೇ ಇಪ್ಪತ್ತೇಳು ಡಿಗ್ರಿಗೆ ಕೂಗುವ ಅಲಾರಂ. ಅವರೇ ಫೋನ್ ಮಾಡುತ್ತಾರೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್ ರೀ. ಹಾಗಾದರೆ ಈಗ ಹೀಟರ್, ಫ್ಯಾನ್ ಎರಡನ್ನೂ ನಡೆಸುವ ಇಂಕ್‌ಬರ್ಡ್ ಥರದ ಟೆಂಪರೇಚರ್ ಕಂಟ್ರೋಲರ್, ಎರಡು ಸೆನ್ಸರ್‌ನ ಟಾಪ್-ಆಫ್, ಎರಡು ಹೀಟರ್. ಅಪೆಕ್ಸ್ ಮುಂದೆ ನೋಡೋಣ. ಕೊನೆಗೆ ಒಂದು: ಮನೆಯಲ್ಲಿ ಹಳೆಯ ಇನ್ವರ್ಟರ್ ಇದೆ. ಅದಕ್ಕೆ ಏನೇನು ಕೊಡಲಿ?

ಶಹಾಪುರ

ಮೊದಲು ಅದು ಸೈನ್ ವೇವ್, ಅಂದರೆ ಮೇನ್ ಲೈನ್‌ನಂಥದ್ದೇ ಕರೆಂಟ್ ಕೊಡುವಂಥದ್ದು, ಹೌದಾ ನೋಡಿ. ಸ್ಕ್ವೇರ್ ವೇವ್ ಆದರೆ ಎಸಿ ಪಂಪ್ ಗುಂಯ್ ಅಂತ ಕೂಗುತ್ತದೆ, ಬಿಸಿಯಾಗುತ್ತದೆ. ಸೈನ್ ವೇವ್ ಇದ್ದರೆ ರಿಟರ್ನ್ ಪಂಪ್, ಟ್ಯಾಂಕ್ ಒಳಗೆ ನೀರು ಅಲೆಯಾಡಿಸುವ ವೇವ್‌ಮೇಕರ್, ಈ ಎರಡನ್ನೇ ಕೊಡಿ. ನೀರು ಓಡಾಡುತ್ತಿದ್ದರೆ ಆಮ್ಲಜನಕಕ್ಕೆ ಕೊರತೆ ಇಲ್ಲ. ಹೀಟರ್, ಚಿಲ್ಲರ್ ಕೊಟ್ಟರೆ ಬ್ಯಾಟರಿ ಬೇಗ ಕೂರುತ್ತದೆ. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆಯನ್ನು ಕಪ್‌ಗೆ ತೆಗೆಯುವ ಯಂತ್ರ) ಮೇನ್ ಲೈನ್‌ನಲ್ಲೇ ಇರಲಿ, ಆದರೆ ಕರೆಂಟ್ ಬಂದ ಮೇಲೆ ಹತ್ತು ನಿಮಿಷ ತಡವಾಗಿ ಶುರುವಾಗುವ ಟೈಮರ್ ಹಾಕಿ. ರಿಟರ್ನ್ ಪಂಪ್ ಸ್ವಲ್ಪ ಹೊತ್ತು ನಿಂತರೂ ಮೇಲಿನ ನೀರು ಸಂಪ್‌ಗೆ ಇಳಿದಿರುತ್ತದೆ, ಆಗ ಸ್ಕಿಮ್ಮರ್ ತಕ್ಷಣ ಓಡಿದರೆ ಕಪ್ ಉಕ್ಕಿ ಆ ಕೊಳೆಯೆಲ್ಲ ವಾಪಸ್ ಟ್ಯಾಂಕ್‌ಗೆ ಬರುತ್ತದೆ. ಇನ್ವರ್ಟರ್ ಮಾಡೆಲ್ ಫೋಟೋ ಹಾಕಿ, ನೋಡಿ ಹೇಳುತ್ತೇನೆ.