ಆಳಕ್ಕೆ ಹೋದಷ್ಟೂ ನೀರಿನ ಒತ್ತಡ ಜಾಸ್ತಿ. ಹಾಗಿದ್ರೆ ಮೇಲಕ್ಕೆ ತಳ್ಳುವ ಬಲ ಯಾಕೆ ಹೆಚ್ಚಲ್ಲ?

ಪ್ರಶ್ನೆ (ಮುಳುಗುಗಾರ):
ಈಜುಕೊಳದ ಆಳದ ಕಡೆ ಮುಳುಗಿದರೆ ಕಿವಿ ಒತ್ತಿದ ಹಾಗಾಗುತ್ತದೆ, ಇನ್ನೂ ಕೆಳಗೆ ಹೋದರೆ ನೋವೇ ಶುರು. ಆಳ ಹೆಚ್ಚಿದಷ್ಟೂ ಒತ್ತಡ ಜಾಸ್ತಿ ಅನ್ನುವುದರಲ್ಲಿ ನನಗೆ ತಕರಾರಿಲ್ಲ. ವಸ್ತುವನ್ನು ಮೇಲಕ್ಕೆ ತಳ್ಳುವುದೂ ಇದೇ ಒತ್ತಡ ಅಲ್ವಾ? ಹಾಗಾದರೆ ಆಳದಲ್ಲಿ ತಳ್ಳುವ ಬಲವೂ ಜಾಸ್ತಿ ಇರಬೇಕು. ಮಗಳ ಪಠ್ಯಪುಸ್ತಕದಲ್ಲಿ ಮಾತ್ರ, ಆ ಬಲ ವಸ್ತು ಪಕ್ಕಕ್ಕೆ ಸರಿಸಿದ ನೀರಿನ ತೂಕಕ್ಕೆ ಸಮ ಅಂತ ಒಂದೇ ಸಾಲು. ಆಳದ ಮಾತೇ ಇಲ್ಲ. ಆರ್ಕಿಮಿಡೀಸ್ ಹೇಳಿದ ಅಂತ ಸುಮ್ನೆ ಒಪ್ಪಿಕೊಳ್ಳೋಕೆ ಮನಸ್ಸಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ಉತ್ತರ (ನೀರ್ಗುಳ್ಳೆ):
ತಳ್ಳುವುದು ಒತ್ತಡವೇ, ಸರಿ. ಆದರೆ ನೀರು ಕೆಳಗಿನಿಂದ ಮಾತ್ರ ತಳ್ಳುವುದಿಲ್ಲ, ಮೇಲಿನಿಂದಲೂ ಅದುಮುತ್ತದೆ. ನೀವು ಅರ್ಧ ಲೆಕ್ಕ ಹಾಕಿ ನಿಲ್ಲಿಸಿದ್ದೀರಿ.

ಪ್ರತಿ ಬದಿ 10 ಸೆಂ.ಮೀ. ಇರುವ ಒಂದು ಘನ ತಗೊಳ್ಳಿ. ಮೇಲ್ಮುಖ 1 ಮೀಟರ್ ಆಳದಲ್ಲಿದೆ, ತಳ 1.1 ಮೀಟರ್ ಆಳದಲ್ಲಿ. ಮೇಲಿನ ನೀರು 98 ನ್ಯೂಟನ್ ಬಲದಿಂದ ಕೆಳಕ್ಕೆ ಅದುಮುತ್ತದೆ. ಕೆಳಗಿನ ನೀರು 107.8 ನ್ಯೂಟನ್ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಉಳಿಯುವುದು 9.8. ಅದೇ ಘನವನ್ನು 50 ಮೀಟರ್‌ಗೆ ಇಳಿಸಿ. ಈಗ ಮೇಲಿನಿಂದ 4900, ಕೆಳಗಿನಿಂದ 4909.8. ಉಳಿಯುವುದು ಮತ್ತದೇ 9.8! ಪಕ್ಕದ ಮುಖಗಳ ಮೇಲಿನ ತಳ್ಳಾಟ ಒಂದಕ್ಕೊಂದು ವಜಾ ಆಗುತ್ತದೆ. ಗಾಳಿಯ ಒತ್ತಡವೂ ಮೇಲೆ ಕೆಳಗೆ ಎರಡೂ ಕಡೆ ಒಂದೇ ಸಮ ಸೇರುವುದರಿಂದ ಅದನ್ನು ಬಿಟ್ಟಿದ್ದೇನೆ.

ಈ 9.8 ನ್ಯೂಟನ್ ಅಂದರೆ 1 ಕಿಲೋ ನೀರಿನ ತೂಕ. ಆ ಘನ ಜಾಗ ಬಿಡಿಸಿದ್ದೂ ಸರಿಯಾಗಿ ಅಷ್ಟೇ ನೀರನ್ನು. ನಿಮ್ಮ ಕಿವಿಗೆ ತಿಳಿಯುವುದು ಒತ್ತಡ. ಮೇಲಕ್ಕೆ ತಳ್ಳುವುದು ಮೇಲಿನ ಮತ್ತು ಕೆಳಗಿನ ಒತ್ತಡಗಳ ವ್ಯತ್ಯಾಸ.

ಉತ್ತರ (ತಕ್ಕಡಿ):
ಲೆಕ್ಕ ನಂಬದಿದ್ದರೆ ಕಣ್ಣಾರೆ ನೋಡಿ. ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರದ ಮೇಲೆ ಎತ್ತರದ ಗ್ಲಾಸಿನಲ್ಲಿ ನೀರಿಟ್ಟು ಸೊನ್ನೆ ಮಾಡಿ. ಒಂದು ಕಬ್ಬಿಣದ ಬೋಲ್ಟಿಗೆ ನೂಲು ಕಟ್ಟಿ, ಪೂರ್ತಿ ಮುಳುಗುವಷ್ಟು ಇಳಿಸಿ ಹಿಡಿಯಿರಿ. ಬೋಲ್ಟ್ 78 ಗ್ರಾಂ ಇದ್ದರೆ ಯಂತ್ರ ಸುಮಾರು 10 ಗ್ರಾಂ ತೋರಿಸುತ್ತದೆ. ನೀರು ಬೋಲ್ಟನ್ನು ಮೇಲಕ್ಕೆ ತಳ್ಳಿದಷ್ಟೇ ಬೋಲ್ಟ್ ನೀರನ್ನು ಕೆಳಕ್ಕೆ ತಳ್ಳುತ್ತದೆ, ಆ ತಳ್ಳು ಯಂತ್ರಕ್ಕೆ ತಲುಪುತ್ತದೆ. ಈಗ ನಿಧಾನವಾಗಿ ಕೆಳಕ್ಕೆ ಬಿಡಿ. ಅಂಕಿ ಅಲ್ಲೇ ನಿಂತಿರುತ್ತದೆ. ಬೋಲ್ಟ್ ತಳ ಮುಟ್ಟಿ ನೂಲು ಸಡಿಲವಾದ ಕೂಡಲೇ ಮಾತ್ರ ಒಮ್ಮೆಗೇ 78ಕ್ಕೆ ಹಾರುತ್ತದೆ.

ಮುಳುಗುಗಾರ:
4900 ಮತ್ತು 4909.8 ಪಕ್ಕಪಕ್ಕ ನೋಡಿದ ಮೇಲೆ ತಲೆಗೆ ಹೋಯಿತು. ಆದರೂ ಒಂದು ಅನುಮಾನ. ಮುಳುಗಿದ ಹಡಗು ನಡುನೀರಿನಲ್ಲೇ ಎಲ್ಲೋ ತೂಗಾಡುತ್ತಾ ನಿಂತುಬಿಡುತ್ತದೆ ಅಂತ ಚಿಕ್ಕಂದಿನಲ್ಲಿ ಕೇಳಿದ್ದೆ. ಅದು?

ಉತ್ತರ (ನೀರ್ಗುಳ್ಳೆ):
ಬರೀ ಕಟ್ಟುಕತೆ. 1912ರಲ್ಲಿ ಮುಳುಗಿದ ಟೈಟಾನಿಕ್ ಸುಮಾರು 3800 ಮೀಟರ್ ಆಳದಲ್ಲಿ, ಕಡಲ ತಳದಲ್ಲೇ ಬಿದ್ದಿದೆ. ಅಷ್ಟು ಆಳದಲ್ಲೂ ನೀರು ಒತ್ತಡಕ್ಕೆ ಕುಗ್ಗುವುದು ನೂರಕ್ಕೆ ಎರಡು ಪಾಲಿನಷ್ಟೂ ಇಲ್ಲ. ಉಕ್ಕು ನೀರಿಗಿಂತ ಏಳೆಂಟು ಪಟ್ಟು ಸಾಂದ್ರ. ಮೇಲೆ ನಿಲ್ಲದ ಉಕ್ಕು ನಡುವೆ ಯಾಕೆ ನಿಂತೀತು?

ಉತ್ತರ (ಆಳಸಮುದ್ರ):
ಒಂದು ಮಾತು ಸೇರಿಸಬೇಕು. ಮೇಲಿನದ್ದೆಲ್ಲ ಕುಗ್ಗದ ವಸ್ತುವಿಗೆ ಸರಿ. ಗಾಳಿ ತುಂಬಿದ ಬಲೂನಾದರೆ ಕತೆ ತಿರುಗುಮುರುಗು. 10 ಮೀಟರ್ ಆಳದಲ್ಲಿ ಒಟ್ಟು ಒತ್ತಡ ಎರಡರಷ್ಟಾಗಿ ಗಾಳಿ ಅರ್ಧ ಜಾಗಕ್ಕೆ ಕುಗ್ಗುತ್ತದೆ, 20 ಮೀಟರ್‌ನಲ್ಲಿ ಮೂರನೇ ಒಂದು. ಸರಿಸುವ ನೀರು ಕಡಿಮೆಯಾದಷ್ಟೂ ತಳ್ಳುವ ಬಲವೂ ಕಡಿಮೆ. ಉಸಿರು ಕಟ್ಟಿ ಆಳಕ್ಕೆ ಇಳಿಯುವವರು ಮೊದಲು ಕಾಲು ಬಡಿದು ಇಳಿಯಬೇಕು. ಒಂದು ಆಳ ದಾಟಿದ ಮೇಲೆ ಎದೆಯೊಳಗಿನ ಗಾಳಿ ಕುಗ್ಗಿ, ಏನೂ ಮಾಡದೆಯೇ ಮುಳುಗುತ್ತಾ ಹೋಗುತ್ತಾರೆ. ನೀವು ಊಹಿಸಿದ್ದಕ್ಕೆ ಸರಿಯಾಗಿ ಉಲ್ಟಾ, ನೋಡಿ.

ಮುಳುಗುಗಾರ:
ಮಗಳ ಜೊತೆ ಬೋಲ್ಟ್ ಇಳಿಸಿ ನೋಡಿದೆ. ಅಂಕಿ ಮೇಲೆ ಕೆಳಗೆ ಆಗ್ತಾ ಇತ್ತಲ್ಲ?

ಉತ್ತರ (ತಕ್ಕಡಿ):
ಬೋಲ್ಟ್ ಗ್ಲಾಸಿನ ಗೋಡೆಗೆ ತಾಗಿರಬೇಕು. ಕೈ ನಡುಗಿದರೂ ಹಾಗೇ. ನೂಲನ್ನು ಮೇಲೆ ಯಾವುದಾದರೂ ಕೋಲಿಗೆ ಕಟ್ಟಿ ಇಳಿಬಿಡಿ, ಅದು ಗ್ಲಾಸಿನ ಅಂಚಿಗೂ ತಾಗದಿರಲಿ.