ಕೆಮ್ಮೇ ಇಲ್ಲ, ಗರ್ಭಕೋಶದಲ್ಲಿ ಟಿಬಿ ಅಂದ್ರು, ಹೇಗೆ ಮೇಡಂ?

ಪ್ರಶ್ನೆ (ಮೂಡಿಗೆರೆ ಕಡೆಯವ್ರು, ಹೆಸರು ಬೇಡ ಅಂದಿದಾರೆ): ನಮಸ್ತೆ ಮೇಡಂ, ಮದ್ವೆ ಆಗಿ ನಾಕು ವರ್ಷ, ಮಕ್ಳಾಗಿಲ್ಲ, ಈಗೀಗ ಮುಟ್ಟು ಕೂಡ ಒಂದಿನ ಚೂರು ಕಾಣಿಸ್ಕೊಂಡು ನಿಂತೋಗತ್ತೆ. ಹಾಸನದಲ್ಲಿ ತೋರಿಸ್ದಾಗ ಗರ್ಭಕೋಶದ ಒಳಪದರದಿಂದ ಸ್ವಲ್ಪ ತೆಗ್ದು ಟೆಸ್ಟಿಗೆ ಕಳ್ಸಿದ್ರು, ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕೋ ಟೆಸ್ಟ್) ಪಾಸಿಟಿವ್ ಬಂತು, ಟಿಬಿ ಅಂದ್ರು. ನಂಗೆ ಕೆಮ್ಮಿಲ್ಲ, ಜ್ವರ ಇಲ್ಲ. ನಮ್ಮತ್ತೆ ಆಗ್ಲೇ ನನ್ ತಟ್ಟೆ ಲೋಟ ಬೇರೆ ಇಟ್ಟಿದಾರೆ. ಮಾತ್ರೆ ಶುರು ಮಾಡ್ಲಾ?

ಡಾಕ್ಟರ್ (ಸ್ತ್ರೀರೋಗ ತಜ್ಞೆ, ಹಾಸನ): ನೋಡಮ್ಮ, ಮೊದ್ಲು ಆ ತಟ್ಟೆ ಲೋಟ ಎಲ್ಲರದ್ರ ಜೊತೆಗೇ ಇಡ್ಸಿ. ಶ್ವಾಸಕೋಶದ ಟಿಬಿ ಇರೋರು ಕೆಮ್ಮಿದಾಗ ಗಾಳೀಲಿ ಹರಡತ್ತೆ, ಊಟದ ತಟ್ಟೆಯಿಂದ ಅಲ್ಲ. ಎದೆ ಎಕ್ಸ್‌ರೇ ಒಂದು ತೆಗೆಸಿ, ಅದು ಕ್ಲಿಯರ್ ಇದ್ರೆ ಮನೆಯವ್ರು ಹೆದರೋದೇನೂ ಇಲ್ಲ, ಅತ್ತೆಯವ್ರನ್ನೂ ಕರ್ಕೊಂಬನ್ನಿ, ನಾನೇ ಕೂರಿಸಿ ಹೇಳ್ತೀನಿ. ಯಾವತ್ತೋ ಶ್ವಾಸಕೋಶಕ್ಕೆ ಬಂದಿದ್ದ ರೋಗಾಣು ರಕ್ತದಲ್ಲಿ ಹೋಗಿ ಗರ್ಭನಾಳದಲ್ಲಿ ಕೂತಿರತ್ತೆ, ಅಲ್ಲಿಂದ ಗರ್ಭಕೋಶದ ಒಳಪದರಕ್ಕೆ ಇಳಿಯತ್ತೆ, ಅದಕ್ಕೇ ಎಷ್ಟೋ ಜನಕ್ಕೆ ಮಕ್ಳಾಗ್ಲಿಲ್ಲ ಅಂತ ತೋರಿಸೋಕೆ ಬಂದಾಗ್ಲೇ ಗೊತ್ತಾಗೋದು.

ಇನ್ನು ಮಾತ್ರೆ. ಪಿಸಿಆರ್ ಒಂದನ್ನೇ ಹಿಡ್ಕೊಂಡು ಶುರು ಮಾಡೋದಕ್ಕೆ ನನ್ನ ಒಪ್ಗೆ ಇಲ್ಲ, ಸತ್ತ ರೋಗಾಣುವಿನ ಚೂರಿದ್ರೂ ಅದು ಪಾಸಿಟಿವ್ ತೋರಿಸ್ಬಹುದು. ಆದ್ರೆ ನಿಮ್ಗೆ ಮುಟ್ಟು ಕಮ್ಮಿ ಆಗಿರೋದ್ರಿಂದ ಸುಮ್ನೆ ಬಿಡೋ ಹಾಗೂ ಇಲ್ಲ. ಬಯಾಪ್ಸಿ (ತೆಗೆದ ಚೂರನ್ನ ಮೈಕ್ರೋಸ್ಕೋಪಲ್ಲಿ ನೋಡೋದು) ರಿಪೋರ್ಟಲ್ಲಿ ಗ್ರಾನುಲೋಮಾ, ಅಂದ್ರೆ ಟಿಬಿಯಲ್ಲಿ ಕಾಣೋ ಜೀವಕೋಶಗಳ ಸಣ್ಣ ಗಂಟು, ಅಂತ ಬರ್ದಿದಾರಾ ನೋಡಿ, ಸಿಬಿನ್ಯಾಟ್ (ಟಿಬಿ ರೋಗಾಣು ಹುಡುಕೋ ಮಷಿನ್ ಟೆಸ್ಟ್), ಕಲ್ಚರ್ (ರೋಗಾಣುನ ಲ್ಯಾಬಲ್ಲಿ ಬೆಳೆಸಿ ನೋಡೋದು) ಕಳ್ಸಿದಾರಾ ಕೇಳಿ. ಮತ್ತೆ ಸ್ಯಾಂಪಲ್ ತೆಗೆಯೋದಾದ್ರೆ ಮುಟ್ಟಿಗೆ ಸ್ವಲ್ಪ ದಿನ ಮುಂಚೆ ತೆಗೆಸಿ, ಬಯಾಪ್ಸಿದು ಫಾರ್ಮಲಿನ್ ಬಾಟ್ಲೀಲಿ, ಕಲ್ಚರ್‌ದು ಸಲೈನ್ ಬಾಟ್ಲೀಲಿ ಹೋಗ್ಬೇಕು. ಎಲ್ಲಾನೂ ಫಾರ್ಮಲಿನ್‌ಗೇ ಹಾಕಿದ್ರೆ ರೋಗಾಣು ಸತ್ತೋಗಿ ಕಲ್ಚರಲ್ಲಿ ಏನೂ ಬೆಳೆಯಲ್ಲ.

ಪ್ರಶ್ನೆ ಕೇಳಿದವ್ರು: ರಿಪೋರ್ಟ್ ತೆಗ್ದು ನೋಡ್ದೆ ಮೇಡಂ, ಗ್ರಾನುಲೋಮಾ ಅಂತ ಇದೆ. ನಂಗೆ ಮಗು ಆಗತ್ತಾ?

ಡಾಕ್ಟರ್: ಹಾಗಿದ್ರೆ ತಡ ಮಾಡ್ಬೇಡಿ. ಸರ್ಕಾರಿ ಆಸ್ಪತ್ರೇಲಿ ಮಾತ್ರೆ ಫ್ರೀ, ಸಾಮಾನ್ಯವಾಗಿ 6 ತಿಂಗಳು, ದಿನಾ, ತೂಕ ನೋಡಿ ಕೊಡ್ತಾರೆ. ನಿಕ್ಷಯ್‌ನಲ್ಲಿ (ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ಪಟ್ಟಿ) ಹೆಸರು ಬರೆಸಿದ್ರೆ ಪೌಷ್ಟಿಕ ಆಹಾರಕ್ಕೆ ಅಂತ ತಿಂಗ್ಳಿಗೆ 1000 ರೂಪಾಯಿ ಅಕೌಂಟಿಗೆ ಬರತ್ತೆ, 2024ರ ನವೆಂಬರ್‌ಗೆ ಮುಂಚೆ 500 ಇತ್ತು. ಮೂತ್ರ ಕೇಸರಿ ಬಣ್ಣ ಬರತ್ತೆ, ಅದು ಆ ಮಾತ್ರೇಲಿರೋ ರಿಫಾಂಪಿಸಿನ್ ಅನ್ನೋ ಔಷಧಿದು, ಹೆದ್ರಬೇಡಿ. ಕಣ್ಣು ಹಳದಿ ಆದ್ರೆ, ವಾಂತಿ ನಿಲ್ದಿದ್ರೆ, ಕೆಂಪು ಹಸಿರು ಗುರುತು ಸಿಗ್ದಿದ್ರೆ ಅವತ್ತೇ ಡಾಕ್ಟರ್ ಹತ್ರ ಓಡಿ.

ಮಗು ವಿಷ್ಯ ಮುಚ್ಚಿಡ್ದೆ ಹೇಳ್ತೀನಮ್ಮ. ಮಾತ್ರೆ ರೋಗಾಣುನ ಕೊಲ್ಲತ್ತೆ, ಮುಚ್ಚೋಗಿರೋ ಗರ್ಭನಾಳನ ತೆರೆಯಲ್ಲ. ನಾಳ ಚೆನ್ನಾಗಿದ್ರೆ ಗರ್ಭ ತಾನಾಗೇ ನಿಲ್ಬಹುದು, ನಾಳ ಹೋಗಿ ಒಳಪದರ ಚೆನ್ನಾಗಿದ್ರೆ ಐವಿಎಫ್ (ಲ್ಯಾಬಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಇಡೋದು) ದಾರಿ ಇದೆ, ಒಳಪದರವೇ ಅಂಟ್ಕೊಂಡಿದ್ರೆ ಕಷ್ಟ. ಕೋರ್ಸ್ ಮುಗಿದ ಮೇಲೆ ನೋಡೋಣ. ಆಮೇಲೆ ಮುಟ್ಟು ನಿಂತ್ರೆ ಮೂರು ತಿಂಗಳು ಆಗ್ಲಿ ಅಂತ ಕಾಯ್ಬೇಡಿ, ನಾಳದಲ್ಲೇ ಗರ್ಭ ಕೂರೋ ಅಪಾಯ ಇಂಥವ್ರಿಗೆ ಜಾಸ್ತಿ, ಗರ್ಭದ ಟೆಸ್ಟ್ ಪಾಸಿಟಿವ್ ಬಂದ ವಾರದಲ್ಲೇ ಬಂದು ತೋರಿಸಿ, ಸ್ಕ್ಯಾನ್ ಯಾವಾಗ ಅಂತ ಹೇಳ್ತೀನಿ.