ನೆರವು ‘ಕೊಡ್ತೀವಿ’ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಕಾನೂನು ಓದುವ ಹುಡುಗರಿಗಾಗಿ ಟಿಪ್ಪಣಿ ಬರೆಯುತ್ತಿದ್ದೇನೆ. ಭೂಕಂಪ, ಪ್ರವಾಹ ಆದ ದೇಶಕ್ಕೆ ಹೊರಗಿನವರು ನೆರವು ಕೊಡುವ ಬಗ್ಗೆ ಅಂತರರಾಷ್ಟ್ರೀಯ ಕಾನೂನು ಏನು ಹೇಳುತ್ತದೆ ಎನ್ನುವುದು ವಿಷಯ. ‘ಆಫರ್’ ಎಂಬ ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ 2016ರಲ್ಲಿ ಇದಕ್ಕೆಂದೇ 18 ಕರಡು ವಿಧಿಗಳನ್ನು ಮಾಡಿತು. 12ನೇ ವಿಧಿ ಪ್ರಕಾರ ಯಾವ ದೇಶ ಬೇಕಾದರೂ ‘ಕೊಡ್ತೀವಿ, ಬೇಕಾ?’ ಎಂದು ಕೇಳಬಹುದು. ಕೊಡುವುದಕ್ಕೆ ಮಾತ್ರ 13ನೇ ವಿಧಿಯಂತೆ ಆ ದೇಶದ ಒಪ್ಪಿಗೆ ಬೇಕು. ಊಟಕ್ಕೆ ಕೂತವರನ್ನು ‘ಇನ್ನೊಂದು ಮುದ್ದೆ ಹಾಕ್ಲಾ?’ ಅನ್ನೋದಕ್ಕೂ ಕೇಳದೆ ತಟ್ಟೆಗೆ ಹಾಕಿಬಿಡೋದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ನಾವು ಬರೆಯುವ ‘ನೆರವು ನೀಡಿದೆ’ಯಲ್ಲಿ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. 2018ರ ಆಗಸ್ಟ್ ನೆನಪಿಸಿಕೊಳ್ಳಿ, ನಮ್ಮ ಶಿರಾಡಿ ಘಾಟಿ ಕುಸಿದು ರಸ್ತೆ ಬಂದ್ ಆಗಿತ್ತಲ್ಲ, ಅದೇ ಮಳೆ. ಯುಎಇ 700 ಕೋಟಿ ಕೊಡುತ್ತದೆ ಎಂದು ಕೇರಳದ ಮುಖ್ಯಮಂತ್ರಿ ಹೇಳಿದರು, ಈಗಿರುವ ನೀತಿಯಂತೆ ವಿದೇಶಿ ಸರ್ಕಾರಗಳಿಂದ ತಗೊಳ್ಳುವುದಿಲ್ಲ ಎಂದು ಕೇಂದ್ರ ಹೇಳಿತು, ಕೊನೆಗೆ ಯುಎಇ ರಾಯಭಾರಿ ನೋಡಿದರೆ ಮೊತ್ತ ಇನ್ನೂ ನಿಗದಿಯೇ ಆಗಿಲ್ಲ ಎಂದುಬಿಟ್ಟರು. ಇದರಲ್ಲಿ ‘ನೀಡಿತು’ ಎಲ್ಲಿ ಬಂತು? ಬಂದ ದುಡ್ಡನ್ನು ಕೇಂದ್ರ ವಾಪಸ್ ಕಳಿಸಿತು ಎಂದು ವಾದ ಮಾಡುವವರು ಈಗಲೂ ಸಿಗುತ್ತಾರೆ.

‘ಆಫರ್’ ಅಂತಲೇ ಇಟ್ಟರೆ ಆಷಾಢದ ಸೀರೆ ಅಂಗಡಿ ಕಣ್ಣಿಗೆ ಬರುತ್ತದೆ. ‘ಕೊಡುಗೆ’ಯದೂ ಅದೇ ಪಾಡು. ‘ನೆರವಿನ ಹಸ್ತ ಚಾಚು’ ಪತ್ರಿಕೆಗಳಿಗೆ ಇಷ್ಟ, ಆದರೆ ಬರೀ ‘ಕೈ ಚಾಚು’ ಅಂದರೆ ಬೇಡುವುದು! ತಮಾಷೆ ಏನೆಂದರೆ ‘ನೀಡು’ ಪದಕ್ಕೆ ಹಳೆಯ ಅರ್ಥ ಚಾಚು, ಮುಂದೆ ಹಿಡಿ ಅಂತಲೇ ಇದೆ. ಇವತ್ತು ಯಾರ ಕಿವಿಗೂ ಹಾಗೆ ಕೇಳಿಸುವುದಿಲ್ಲ, ಬಿಡಿ. ಸದ್ಯಕ್ಕೆ ‘ನೆರವಿಗೆ ಮುಂದಾಗು’ ವಾಸಿ ಅನಿಸಿದೆ. ಆದರೆ ಅದನ್ನು ನಾಮಪದ ಮಾಡಹೊರಟರೆ ‘ಮುಂದಾಗುವಿಕೆ’ ಎಂಬ ವಿಕಾರ ಹುಟ್ಟುತ್ತದೆ.

ಇನ್ನೊಂದು ತೊಡಕು. ಒಪ್ಪಿಗೆಯನ್ನು ‘ಆರ್ಬಿಟ್ರರಿ’ಯಾಗಿ ತಡೆಹಿಡಿಯಬಾರದು ಎಂದೂ 13ನೇ ವಿಧಿ ಹೇಳುತ್ತದೆ. ಇದಕ್ಕೆ ‘ವಿನಾಕಾರಣ’ ಸಾಲದು. 2008ರಲ್ಲಿ ನರ್ಗಿಸ್ ಚಂಡಮಾರುತಕ್ಕೆ ಮ್ಯಾನ್ಮಾರ್‌ನಲ್ಲಿ ಲಕ್ಷಕ್ಕೂ ಜಾಸ್ತಿ ಜನ ಸತ್ತರು, ಕಾಣೆಯಾದರು. ಹಾಗಿದ್ದೂ ಅಲ್ಲಿನ ಸೇನಾ ಸರ್ಕಾರ ಹೊರಗಿನ ನೆರವು ಸಿಬ್ಬಂದಿಗೆ ವೀಸಾ ಕೊಡದೆ ಸತಾಯಿಸಿತು. ಅಮೆರಿಕ, ಫ್ರಾನ್ಸ್ ಹಡಗುಗಳು ಸಾಮಾನು ತುಂಬಿಕೊಂಡು ಕಡಲಲ್ಲೇ ಕಾದವು. ಹೊರಗಿನವರು ಒಳಗೆ ಬಂದಾರು ಎಂಬ ಭಯ ಸೇನೆಗೆ ಒಂದು ಕಾರಣವೇ, ಆದರೆ ಜನರ ಪ್ರಾಣದ ಮುಂದೆ ಸಲ್ಲದ ಕಾರಣ. ಹಾಗಾಗಿ ‘ಸಲ್ಲದ ಕಾರಣಕ್ಕೆ’ ಎಂದು ಹಾಕಿದ್ದೇನೆ. ‘ಮನಬಂದಂತೆ’ ಇದಕ್ಕಿಂತ ಒಪ್ಪುತ್ತದೆಯೇ?

ಕೋರ್ಟು, ಕಚೇರಿಗಳ ಕನ್ನಡ ಬಳಸಿ ಗೊತ್ತಿರುವವರು ದಯವಿಟ್ಟು ತಿಳಿಸಿ. ಸಕಲೇಶಪುರ, ಮೂಡಿಗೆರೆ ಕಡೆಯ ಹಿರಿಯರ ಬಾಯಲ್ಲಿ ‘ಆಫರ್’ಗೆ ಬೇರೆ ಮಾತು ಕೇಳಿದ್ದರೆ ಅದನ್ನೂ ಬರೆಯಿರಿ.